ಇಪ್ಪತ್ತೇಳು ಚೀಲ ಮಣ್ಣು

೨೦೨೪ರ ನವೆಂಬರ್ ೧೭, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಮೀನಿನ ಚೀಲ ಹಿಡಿದು ನಾನು ಗಂಗೆಯ ದಡದ ಉತ್ತರಪಾರಾದ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದೆ. ಮಣ್ಣು ಮಾರುವ ನಿಮಾಯಿ ಖಾಲಿ ಸಿಮೆಂಟ್ ಚೀಲಗಳ ದಪ್ಪ ಕಟ್ಟೊಂದನ್ನು ಹೆಗಲ ಮೇಲೆ ಹೊತ್ತು ಇಳಿಯುತ್ತಿದ್ದ. ಎಲ್ಲ ಸುರಿದು ಆಯಿತು, ಚೀಲ ವಾಪಸ್ ಒಯ್ಯುತ್ತಿದ್ದೇನೆ ಮಾಸ್ಟರ್‌ಮಶಾಯ್ ಎಂದು ಗೋಡೆಗೆ ಒತ್ತಿಕೊಂಡು ನನಗೆ ದಾರಿ ಬಿಟ್ಟ. ನಾನು ಗಡಿಯಾರ ನೋಡಿದೆ. ಆರೂವರೆಗೆ ಶುರುಮಾಡಿದವನು ಹದಿನಾಲ್ಕು ಚೀಲಕ್ಕೆ ಇಷ್ಟು ಹೊತ್ತು ತೆಗೆದುಕೊಳ್ಳುವ ಆಳಲ್ಲ. ಆ ಕಟ್ಟೂ ಹದಿನಾಲ್ಕು ಚೀಲದ ಕಟ್ಟಿನಂತೆ ಕಾಣಲಿಲ್ಲ.

ಮೇಲಿನ ಕೊನೆಯ ಮೆಟ್ಟಿಲ ಮೇಲೆ ನನ್ನ ಹೆಂಡತಿ ಸುದೇಷ್ಣಾ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಗುಡ್ಡ ನೋಡೋಕೆ ಇನ್ಮೇಲೆ ಡಾರ್ಜಿಲಿಂಗಿಗೆ ಹೋಗೋದು ಬೇಡ," ಅಂದಳು.

ತಾರಸಿಯ ದಕ್ಷಿಣದ ಅರ್ಧದಲ್ಲಿ ಮಣ್ಣಿನ ರಾಶಿ ಬಿದ್ದಿತ್ತು. ನನ್ನ ತೊಡೆಯೆತ್ತರ, ಅಡ್ಡಳತೆ ಎರಡು ಮೀಟರ್. ಸುರಿದ ಮಣ್ಣು ತಾನಾಗಿ ಶಂಕುವಿನ ಆಕಾರಕ್ಕೆ ಕೂರುವುದರಿಂದ ಅದರ ಗಾತ್ರ ಕಂಡುಹಿಡಿಯುವುದು ಕಷ್ಟವಲ್ಲ. ಮೀನಿನ ಚೀಲ ಕೈಯಲ್ಲಿರುವಾಗಲೇ ಲೆಕ್ಕ ಹಾಕಿದೆ: ಏಳುನೂರ ಐವತ್ತು ಲೀಟರ್, ಅಂದರೆ ಇಪ್ಪತ್ತೇಳು ಚೀಲ. ನಾನು ಹೇಳಿದ್ದು ಹದಿನಾಲ್ಕು.

ಆಮೇಲೆ ಮೊದಲು ಹೊಳೆದದ್ದು ಭಾರ. ನಮ್ಮದು ಅಜ್ಜನ ಕಾಲದ ಮನೆ. ತಾರಸಿಯ ಕೆಳಗಿರುವುದು ಕಬ್ಬಿಣದ ತೊಲೆ, ಮರದ ಅಡ್ಡಪಟ್ಟಿ, ಮೇಲೆ ಇಟ್ಟಿಗೆ, ಸುಣ್ಣದ ಗಾರೆ. ದಕ್ಷಿಣದ ಅರ್ಧದ ನಟ್ಟನಡುವೆ ಒಂಬತ್ತುನೂರು ಕಿಲೋ ಒಂದೇ ಕಡೆ ಕೂತಿತ್ತು. ಮೀನನ್ನು ಮೆಟ್ಟಿಲ ಮೇಲಿಟ್ಟು, ಪ್ಯಾಂಟು ಮಡಚಿ, ಇಬ್ಬರೂ ಸಲಿಕೆ ಹಿಡಿದು ರಾಶಿಯನ್ನು ಗೋಡೆಯುದ್ದಕ್ಕೂ ಎಳೆದು ಹರಡಿದೆವು. ಮುಗಿಯುವ ಹೊತ್ತಿಗೆ ತಾರಸಿ ಬಚಾವಾಗಿತ್ತು. ಆದರೆ ದಕ್ಷಿಣದ ಅರ್ಧದಲ್ಲಿ ಮಣ್ಣಿಲ್ಲದ ಜಾಗವೇ ಉಳಿದಿರಲಿಲ್ಲ. ಸುದೇಷ್ಣಾ ಮೆಟ್ಟಿಲ ಮೇಲೆ ಅಷ್ಟು ಹೊತ್ತು ಅಲ್ಲಾಡದೆ ಕೂತದ್ದು ಇದೇ ಭಯಕ್ಕೆ.

ನಮ್ಮ ಮನೆಯ ತಾರಸಿ ನನ್ನ ತಾಯಿಯದು. ಮನೆ ಇಬ್ಬರು ಗಂಡುಮಕ್ಕಳ ಹೆಸರಿನಲ್ಲಿದೆ, ಅದು ಕಾಗದದ ಮಾತು. ಚಳಿಗಾಲ ಬಂತೆಂದರೆ ಮಾ ಅಲ್ಲಿ ಬೊರಿ ಇಡುತ್ತಾಳೆ. ಉದ್ದಿನಬೇಳೆ ರುಬ್ಬಿ, ಬೂದುಗುಂಬಳ ತುರಿದು ಹಿಂಡಿ ಸೇರಿಸಿ, ನೊರೆಯೇಳುವಂತೆ ಕೈಯಲ್ಲೇ ಕಡೆದು, ಹಳೆಯ ಧೋತಿಯ ಮೇಲೆ ಮೂಗಿನ ತುದಿಯಂಥ ಸಣ್ಣ ಸಣ್ಣ ಗೋಪುರಗಳನ್ನು ಸಾಲಾಗಿ ಇಡುವುದು. ಬಿಸಿಲಿಗೆ ಗರಿಗರಿಯಾಗಿ ಒಣಗಿದ ಬೊರಿಯನ್ನು ವರ್ಷವಿಡೀ ಸಾರಿಗೆ, ಪಲ್ಯಕ್ಕೆ, ಮೀನಿಗೆ ಹಾಕುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಮಾ ಬಿಸಿಲಿಗಿಟ್ಟ ಬೊರಿಯ ಮೇಲೆ ಪಕ್ಕದ ಮನೆಯ ಕುಂಡಗಳ ಧೂಳು ಹಾರಿ ಬಿದ್ದು, ಅತ್ತೆಯ ಹಲ್ಲಿಗೆ ಮರಳು ಸಿಕ್ಕಿತಂತೆ. ಅಂದಿನಿಂದ ಅವಳಿಗೆ ತಾರಸಿಯೂ ಮಣ್ಣೂ ಒಂದೇ ವಾಕ್ಯದಲ್ಲಿ ಬರಬಾರದು.

ಸುದೇಷ್ಣಾಳಿಗೆ ಡೇಲಿಯಾ ಹುಚ್ಚು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಇಡೀ ದಿನ ಪಾಸ್‌ಬುಕ್ಕುಗಳಿಗೆ ಮುದ್ರೆ ಒತ್ತಿ ಬರುವವಳಿಗೆ ಮನೆಯಲ್ಲಿ ಊಟದ ತಟ್ಟೆಯಗಲದ ಒಂದು ಹೂವು ಬೇಕು. ಹನ್ನೊಂದು ವರ್ಷ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಎರಡೇ ಎರಡು ಕುಂಡ ಇಟ್ಟು, ಕಾಲುಗಂಟೆ ಬೀಳುವ ಬಿಸಿಲಿನಲ್ಲಿ ನಿಂಬೆಹಣ್ಣಿನಷ್ಟು ಹೂ ಬಿಡಿಸಿದಳು. ಪ್ರತಿ ವರ್ಷ ಕೇಳಿದಳು, ಪ್ರತಿ ವರ್ಷ ಇಲ್ಲ ಎನ್ನಿಸಿಕೊಂಡಳು. ಈ ಸಲ ಲಕ್ಷ್ಮಿ ಪೂಜೆಯ ಮರುದಿನ, ಏನು ಹೊಳೆಯಿತೋ, ಉತ್ತರದ ಅರ್ಧ ನೀನು ತಗೋ ಎಂದು ಮಾ ತಾನಾಗಿ ಹೇಳಿದಳು. ಷರತ್ತು ಒಂದೇ. ಡಿಸೆಂಬರ್ ಎಂಟಕ್ಕೆ ಮೊದಲ ಬೊರಿ. ಅಂದು ದಕ್ಷಿಣದ ಅರ್ಧದಲ್ಲಿ ಒಂದು ಕಣ ಮಣ್ಣು ಕಂಡರೂ ಕುಂಡಗಳೆಲ್ಲ ಕೆಳಗಿಳಿಯಬೇಕು, ಮತ್ತೆ ಹತ್ತಬಾರದು. ಕೆಳಗೆ ನಮ್ಮ ಓಣಿಯಲ್ಲಿ ಬಿಸಿಲೆಂಬುದಿಲ್ಲ. ಇಳಿಯುವುದೂ ಸಾಯುವುದೂ ಡೇಲಿಯಾಗೆ ಒಂದೇ. ಮೂವತ್ತಾರು ಸಸಿಗಳು ಆಗಲೇ ಬೇರು ಬಿಟ್ಟು ಕಾಗದದ ಲೋಟಗಳಲ್ಲಿ ಕಾಯುತ್ತಿದ್ದವು.

ಎಷ್ಟು ಮಣ್ಣು ಬೇಕು ಎಂದು ಲೆಕ್ಕ ಹಾಕಿಕೊಟ್ಟವನು ನಾನೇ. ನಾನು ಇಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕುಂಡದ ಬಾಯಿ ಅಗಲ, ಬುಡ ಕಿರಿದು ಎಂಬುದನ್ನು ಮರೆಯುವವನಲ್ಲ. ಹತ್ತಂಗುಲದ ಇಪ್ಪತ್ತನಾಲ್ಕು ಕುಂಡ, ನೀರು ನಿಲ್ಲಲು ಅಂಚು ಬಿಟ್ಟು ಒಂದೊಂದಕ್ಕೆ ಆರು ಲೀಟರ್. ಹದಿನಾಲ್ಕಂಗುಲದ ಹನ್ನೆರಡು, ಒಂದೊಂದಕ್ಕೆ ಹದಿನಾರು. ಒಟ್ಟು ಮುನ್ನೂರ ಮೂವತ್ತಾರು ಲೀಟರ್. ನಿಮಾಯಿ ಗಂಗೆಯ ಮೆಕ್ಕಲು, ಹಳೆಯ ಸಗಣಿಗೊಬ್ಬರ, ಎಲೆಗೊಬ್ಬರ ಕಲಸಿ ಮಾರುವ ಮಣ್ಣಿನ ಒಂದು ಚೀಲವನ್ನು ಬಕೆಟ್ಟಿನಿಂದ ಅಳೆದು ನೋಡಿದ್ದೆ: ಇಪ್ಪತ್ತೆಂಟು ಲೀಟರ್. ಹಾಗಾಗಿ ಹನ್ನೆರಡು ಚೀಲ. ಆದರೆ ಸಡಿಲ ಮಣ್ಣು ನೀರು ಕುಡಿದ ಮೇಲೆ ಕುಸಿಯುತ್ತದೆ. ಒಂದು ಕುಂಡ ತುಂಬಿ, ಎರಡು ದಿನ ನೀರು ಹಾಕಿ, ಅಳೆದೆ. ಏಳರಲ್ಲಿ ಒಂದು ಪಾಲು ಇಳಿದಿತ್ತು. ಅದಕ್ಕಾಗಿ ಎರಡು ಚೀಲ ಸೇರಿಸಿ ಹದಿನಾಲ್ಕು ಎಂದೆ. ಆ ಅಂಕಿಯನ್ನು ದಿನಾ ಬೆಳಿಗ್ಗೆ ಗಂಗೆಯ ಘಾಟಿನ ಕಡೆ ವಾಕಿಂಗ್ ಹೋಗುವ, ನಾನು ದಾದಾ ಎಂದು ಕರೆಯುವ ನನ್ನ ಅಣ್ಣ ಪ್ರಣವೇಶನ ಕೈಗೆ ಕೊಟ್ಟೆ, ದಾದಾ ಅಲ್ಲಿರುವ ನಿಮಾಯಿಗೆ ತಲುಪಿಸಲಿ ಎಂದು. ತಪ್ಪು ನಡೆದದ್ದು ಅಲ್ಲಿಂದ ಮುಂದೆ.

ಮಧ್ಯಾಹ್ನದ ಊಟಕ್ಕೆ ಪಾಬ್ದಾ ಮೀನಿನ ಸಾರಿನ ಮುಂದೆ ವಿಚಾರಣೆ ಶುರುವಾಯಿತು. ಮೀನು ಮುಟ್ಟದ ಮಾ ತನ್ನ ಊಟ ಮೊದಲೇ ಮುಗಿಸಿ ಕಿಟಕಿಯ ಬಳಿ ಬೆತ್ತದ ಪೀಠದ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದಳು. ಸುದೇಷ್ಣಾ ಯಾರನ್ನೂ ದೂರಲಿಲ್ಲ. ನಿಮಾಯಿಗೆ ಎಷ್ಟು ಹೇಳಿದಿರಿ ಎಂದು ಮಾತ್ರ ಕೇಳಿದಳು.

ದಾದಾ ಮುಳ್ಳು ತೆಗೆಯುತ್ತಲೇ ಒಪ್ಪಿಕೊಂಡ. ರೈಲ್ವೆಯಲ್ಲಿ ಮೂವತ್ತೈದು ವರ್ಷ ಸಾಮಾನು ಎಣಿಸಿದವನು, ಎಣಿಕೆಯ ವಿಷಯದಲ್ಲಿ ಅವನಿಗೆ ನಾಚಿಕೆಯಿಲ್ಲ.

"ನಿಮಾಯಿ ಯಾವತ್ತಾದ್ರೂ ಚೀಲಾನ ಬಾಯಿತನಕ ತುಂಬಿದ್ದು ನೋಡಿದೀಯಾ? ಹದಿನಾಲ್ಕು ಬೇಕಾದ್ರೆ ಹದಿನೆಂಟು ಹೇಳ್ಬೇಕು. ಇದಕ್ಕೆ ಕಾಲೇಜು ಬೇಕಾಗಿಲ್ಲ ಪ್ರೊಫೆಸರ್."

ಆದರೆ ಅಂದು ಮೊಣಕಾಲು ನೋವೆಂದು ಅವನು ಘಾಟಿಗೆ ಹೋಗಿರಲಿಲ್ಲ. ಹದಿನೆಂಟು ಎಂದು ಫೋನ್ ಮಾಡಲು ಬೀಥಿಕಾ ಬೌದಿಗೆ, ಅಂದರೆ ತನ್ನ ಹೆಂಡತಿಗೆ, ಹೇಳಿದ್ದ. ಎಲ್ಲರೂ ಬೌದಿಯ ಕಡೆ ತಿರುಗಿದೆವು. ಬೌದಿ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಬಡಿಸಿದಳು.

"ಇವರ ಲೆಕ್ಕ ಯಾವತ್ತು ಸಾಕಾಗಿದೆ ಹೇಳು ಠಾಕುರ್‌ಪೋ? ನಿನ್ನ ಮದುವೇಲಿ ಕೊನೇ ಪಂಕ್ತಿಗೆ ರಸಗುಲ್ಲ ಇಲ್ಲದೆ ಮರ್ಯಾದೆ ಹೋಗಿದ್ದು ಮರೆತೆಯಾ? ನಾನು ಇಪ್ಪತ್ಮೂರು ಅಂದೆ. ಕೈಲಿದ್ರೆ ಏನಾಯ್ತು, ಮಣ್ಣು ಹಳಸುತ್ತಾ?"

ಅವಳು ಬಡಿಸಿದ ಆ ಅನ್ನ ನೋಡುತ್ತಾ ನನಗೆ ಇಡೀ ಪ್ರಕರಣ ಅರ್ಥವಾಯಿತು. ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಅಳೆದಿಟ್ಟ ಪಾತ್ರೆಯ ಪಕ್ಕ ಹಾದುಹೋಗುವ ಪ್ರತಿಯೊಬ್ಬರೂ ಅದಕ್ಕೆ ಒಂದು ಹಿಡಿ ಹಾಕುತ್ತಾರೆ. ಹೇಳದೆ ಬರುವವನಿಗೆ ಅನ್ನ ಇರಲಿ ಎಂದು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಕೇಳುವುದು ಜಿಪುಣತನ ಎನಿಸಿಕೊಳ್ಳುತ್ತದೆ. ಹೀಗಾಗಿ ನಮ್ಮಲ್ಲಿ ರಾತ್ರಿ ಅನ್ನ ಉಳಿಯದ ದಿನವಿಲ್ಲ, ಬೆಳಿಗ್ಗೆ ನೀರನ್ನ ತಿನ್ನದ ಬೇಸಿಗೆಯಿಲ್ಲ. ಅಕ್ಕಿಗೆ ಆಗುವ ರೀತಿಯಲ್ಲೇ ಮಣ್ಣಿಗೂ ಆಗಿತ್ತು. ವ್ಯತ್ಯಾಸ ಇಷ್ಟೇ: ಅಕ್ಕಿಗೆ ಹಿಡಿ ಹಿಡಿಯಾಗಿ ಕೂಡುತ್ತದೆ, ಇಲ್ಲಿ ಪ್ರತಿಯೊಬ್ಬರೂ ಹಿಂದಿನವರು ಹೇಳಿದ ಅಂಕಿಯನ್ನೇ ಬರಿಯ ಅಗತ್ಯವೆಂದು ತಿಳಿದು ಅದರ ಮೇಲೆ ಕಾಲುಭಾಗ ಏರಿಸಿದ್ದರು. ಎಚ್ಚರಿಕೆಯ ಮೇಲೆ ಎಚ್ಚರಿಕೆ ಕೂಡುವುದಿಲ್ಲ, ಗುಣಿಸುತ್ತದೆ.

ಆದರೂ ಇಪ್ಪತ್ಮೂರಾಯಿತು. ಇಪ್ಪತ್ತೇಳಾಗಲು ಇನ್ನೂ ನಾಲ್ಕು ಬೇಕು. ನನ್ನ ಶಂಕುವಿನ ಲೆಕ್ಕ ತಪ್ಪಿರಬೇಕು ಎಂದು ದಾದಾ ಖುಷಿಯಿಂದ ಹೇಳಿದ. ನಾನು ಎಡಗೈಯಲ್ಲಿ ನಿಮಾಯಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ.

ನಿಮಾಯಿಯ ದನಿ ಸ್ಪಷ್ಟವಾಗಿತ್ತು. "ಬೌದಿ ಇಪ್ಪತ್ಮೂರು ಅಂದ್ರು. ಆಮೇಲೆ ನಾನು ಮೆಟ್ಟಿಲು ಅಗಲ ಎಷ್ಟಿದೆ ನೋಡೋಣ ಅಂತ ಬಂದಾಗ ಮಾಷಿಮಾ ಇನ್ನೂ ನಾಲ್ಕು ತಾ ಅಂದ್ರು. ಯಾರಿಗೂ ಹೇಳ್ಬೇಡ ಅಂತಾನೂ ಅಂದ್ರು. ನಾನು ಯಾರಿಗೂ ಹೇಳಿಲ್ಲ ಮಾಸ್ಟರ್‌ಮಶಾಯ್."

ಅಡಕೆ ಕತ್ತರಿಯ ಸದ್ದು ನಿಂತಿತು. 

"ಆ ನಾಲ್ಕು ಚೀಲ ನನ್ನದು," ಮಾ ಹೇಳಿದಳು. "ಅದನ್ನ ಯಾರೂ ಮುಟ್ಟೋದು ಬೇಡ."

ಯಾಕೆ ಎಂದು ದಾದಾ ಕೇಳಿದ್ದಕ್ಕೆ ತಾರಸಿ ಯಾರದು ಎಂದು ತಿರುಗಿ ಕೇಳಿದಳು. 

ಸುದೇಷ್ಣಾ ಕೈ ತೊಳೆದು ಬಂದು ತೀರ್ಪು ಹೇಳಿದಳು. ಯಾರು ಎಷ್ಟು ಸೇರಿಸಿದರೋ ಅಷ್ಟನ್ನು ಅವರೇ ತಾರಸಿಯಿಂದ ಇಳಿಸಬೇಕು. ದಾದಾನ ಪಾಲಿಗೆ ನಾಲ್ಕು, ಬೌದಿಯ ಪಾಲಿಗೆ ಐದು. ನಾನು ಸೇರಿಸಿದ ಎರಡು ಚೀಲ ಕುಂಡಕ್ಕೇ ಹೋಗುವುದರಿಂದ ನಾನು ಪಾರು. ಆದರೆ ದಾದಾನ ಮೊಣಕಾಲು ನೋವಿನ ಕಾರಣ ಮೆಟ್ಟಿಲ ಮೇಲೆ ಹೊರುವ ಕೆಲಸ ನನ್ನದು. ಕೊನೆಗೆ ಮಾಳ ಕಡೆ ತಿರುಗಿ, ಆದಷ್ಟು ಮೆಲ್ಲಗೆ ಕೇಳಿದಳು:

"ಬೊರಿ ದಿನ ಆ ನಾಲ್ಕು ಚೀಲ ಅಲ್ಲೇ ಇದ್ರೆ, ಅದೂ ಲೆಕ್ಕಕ್ಕೆ ಬರುತ್ತಾ ಮಾ?"

"ಮಣ್ಣು ಅಂದ್ಮೇಲೆ ಮಣ್ಣೇ ತಾನೆ ಛೋಟೊ ಬೌಮಾ. ಯಾರದ್ದಾದ್ರೇನು."

ಅಂದರೆ ಮಾ ತನ್ನದೇ ಮಣ್ಣಿನಿಂದ ಸುದೇಷ್ಣಾಳನ್ನು ಸೋಲಿಸಬಹುದಿತ್ತು. ಅದನ್ನು ಮುಟ್ಟಲೂ ಬಿಡುವುದಿಲ್ಲ.

ಮುಂದಿನ ಎರಡು ವಾರ ನಮ್ಮ ಮನೆಯಿಂದ ಮಣ್ಣು ಪ್ರಸಾದದಂತೆ ಹಂಚಿಕೆಯಾಯಿತು. ಮೊದಲ ದಿನವೇ ಸಸಿಗಳೆಲ್ಲ ಕುಂಡ ಸೇರಿದವು, ಮಣ್ಣು ಕುಸಿದ ಮೇಲೆ ಮತ್ತೆ ತುಂಬುವಷ್ಟರಲ್ಲಿ ಹದಿನಾಲ್ಕು ಚೀಲ ಸರಿಯಾಗಿ ಖರ್ಚಾಯಿತು. ಇದನ್ನು ನಾನು ದಾದಾನಿಗೆ ಎರಡು ಸಲ ಹೇಳಿದೆ. ದಾದಾ ಘಾಟಿನ ವಾಕಿಂಗ್ ಗೆಳೆಯರಿಗೆ ದಿನಕ್ಕೊಂದು ಪೊಟ್ಟಣದಂತೆ ಕೊಟ್ಟ. ಗಂಗೆಯ ಮಣ್ಣು, ತಾನೇ ಅಳತೆಮಾಡಿ ಕಲಸಿದ್ದು ಎಂದು ಹೇಳುತ್ತಿದ್ದನೆಂದು ಆಮೇಲೆ ತಿಳಿಯಿತು. ಗಂಗೆ ಅವರು ಕೂರುವ ಬೆಂಚಿನಿಂದ ಇಪ್ಪತ್ತು ಅಡಿ ದೂರದಲ್ಲೇ ಹರಿಯುತ್ತಾಳೆ. ಆದರೂ ಎಲ್ಲರೂ ಒಯ್ದರು. ಮೂರನೆಯ ಚೀಲದ ಹೊತ್ತಿಗೆ ಇಬ್ಬರು ಗೆಳೆಯರು ವಾಕಿಂಗಿನ ಹೊತ್ತು ಬದಲಾಯಿಸಿಕೊಂಡರು. ಬೌದಿಯ ಐದರಲ್ಲಿ ಮೂರು ಕೊನ್ನಗರದ ತಂಗಿಯ ಬಾಲ್ಕನಿಗೆ ಹೋದವು. ಉಳಿದೆರಡನ್ನು ಅವಳು ಮನೆಗೆ ಬಂದವರಿಗೆಲ್ಲ ಚಹಾ, ಕೊಬ್ಬರಿ ಉಂಡೆಯ ಜೊತೆ ಕಟ್ಟಿಕೊಟ್ಟಳು. ಎಲ್‌ಐಸಿಯವನಿಗೂ ಕೊಟ್ಟಳು. ನೀರಿನಲ್ಲಿ ಕದಡಿ ಮಳೆಕೊಳವೆಯಲ್ಲಿ ಬಿಟ್ಟರಾಯಿತಲ್ಲ ಎಂಬ ದಾದಾನ ಸಲಹೆಯೊಂದನ್ನು ಮಾತ್ರ ನಾನು ಕೊಳವೆಯ ವ್ಯಾಸ ಹೇಳಿ ತಡೆದೆ.

ಡಿಸೆಂಬರ್ ಮೊದಲ ವಾರಕ್ಕೆ ಡೇಲಿಯಾಗಳು ಮೊಣಕಾಲೆತ್ತರ ಬಂದಿದ್ದವು. ಎರಡರಲ್ಲಿ ಬಟಾಣಿಯಷ್ಟು ಮೊಗ್ಗು. ದಕ್ಷಿಣದ ಅರ್ಧ ಗುಡಿಸಿ ತೊಳೆದು ಖಾಲಿ, ಗೋಡೆಯ ಮೂಲೆಯಲ್ಲಿ ಹಳೆಯ ಪರದೆ ಹೊದ್ದು ಮಲಗಿದ್ದ ಮಾಳ ನಾಲ್ಕು ಚೀಲದ ರಾಶಿಯೊಂದನ್ನು ಬಿಟ್ಟು. ಗಾಳಿ ಬೀಸಿದಾಗಲೆಲ್ಲ ಪರದೆಯ ಅಂಚು ಎದ್ದು, ಮೆಕ್ಕಲಿನ ಪುಡಿ ತೆಳ್ಳಗೆ ನೆಲದ ಮೇಲೆ ಹರಿಯುತ್ತಿತ್ತು. ಸುದೇಷ್ಣಾ ಕಚೇರಿಯಿಂದ ಬಂದವಳೇ ಚಪ್ಪಲಿ ಬಿಡದೆ ಮೇಲೆ ಹೋಗಿ ಅದನ್ನು ಒರೆಸುವಳು. ಮಾಳನ್ನು ಇನ್ನೊಮ್ಮೆ ಕೇಳು ಎಂದರೆ ಕೇಳಳು. ನಾನು ಕೇಳುತ್ತೇನೆಂದರೆ, ನೀವು ಕೇಳಿದರೆ ನಾನು ಕೇಳಿಸಿದ ಹಾಗಾಗುತ್ತದೆ, ಬೇಡ ಅಂದಳು.

ಆರನೆಯ ತಾರೀಕು, ಶುಕ್ರವಾರ, ನಾಲ್ಕು ಗಂಟೆಗೆ ನಾನು ಕಾಲೇಜಿನಿಂದ ಬರುವಾಗ ನಿಮಾಯಿ ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಅರ್ಧವನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನಮ್ಮ ಮೆಟ್ಟಿಲು ಹತ್ತುತ್ತಿದ್ದ. ಅವನ ಹಿಂದೆ, ಒಂದೊಂದು ಮೆಟ್ಟಿಲಿಗೂ ನಿಂತು, ಎಪ್ಪತ್ತೆಂಟರ ನನ್ನ ತಾಯಿ. ಸುದೇಷ್ಣಾ ಅಂದು ಅರ್ಧ ದಿನ ರಜೆ ಹಾಕಿ ಮೇಲೆಯೇ ಇದ್ದಳು.

ಡ್ರಮ್ಮಿನ ತಳಕ್ಕೆ ತೂತು ಕೊರೆದಿತ್ತು. ನಿಮಾಯಿ ಅದನ್ನಿಟ್ಟು ಹೋದ ಮೇಲೆ ಮಾ ಉಸಿರು ಸುಧಾರಿಸಿಕೊಂಡು, ಡೇಲಿಯಾಗಳನ್ನು ಒಂದು ಸಾಲು ನೋಡಿದಳು.

"ಇದರಲ್ಲಿ ಏನು ಹಾಕ್ತೀರ ಮಾ?" ಸುದೇಷ್ಣಾ ಕೇಳಿದಳು.

"ಬೂದುಗುಂಬಳ. ಚಳಿ ಹೋದ್ಮೇಲೆ ಬೀಜ. ಅಲ್ಲಿತನಕ ಮಣ್ಣು ಹದ ಆಗ್ಲಿ." ಮಾ ಗೋಡೆಗೆ ಒರಗಿದಳು. "ಈ ಬಜಾರಿನವರು ಎಳೇ ಕಾಯಿ ತಂದು ಮಾರ್ತಾರೆ. ಬರೀ ನೀರು. ಬೊರಿ ಚಪ್ಪಟೆ ಕೂರುತ್ತೆ, ಹಲ್ಲಿಗೆ ಅಂಟುತ್ತೆ. ನಮ್ಮಪ್ಪನ ಮನೆ ಮಾಡಿನ ಮೇಲೆ ಬೆಳೀತಿತ್ತಲ್ಲ, ಮೈತುಂಬ ಬೂದಿ ಬಳ್ಕೊಂಡು, ಆ ಥರದ್ದು ಹತ್ತು ವರ್ಷದಿಂದ ನಾನು ಕಣ್ಣಲ್ಲಿ ನೋಡಿಲ್ಲ."

"ಮೊದಲೇ ಹೇಳಿದ್ರೆ ನಾನೇ ತರಿಸ್ತಿದ್ದೆನಲ್ಲ."

"ಹನ್ನೊಂದು ವರ್ಷ ಮಣ್ಣು ಬೇಡ ಅಂದವಳು ನಾನು. ಈಗ ನಿನ್ನ ಹತ್ರ ಬಂದು ಮಣ್ಣು ಕೇಳ್ಲಾ?"

"ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀನು ಅದನ್ನ ಆರು ಚೀಲ ಮಾಡ್ತಿದ್ದೆ. ನಿಮಾಯಿನ್ನ ಕೇಳ್ದೆ, ಅರ್ಧ ಡ್ರಮ್ಮಿಗೆ ಎಷ್ಟು ಹಿಡಿಯುತ್ತೆ ಅಂತ. ನಾಲ್ಕು ಅಂದ. ನಾಲ್ಕೇ ತರಿಸ್ದೆ. ಈ ಮನೇಲಿ ಲೆಕ್ಕಕ್ಕೆ ಸರಿಯಾಗಿ ತರಿಸಿದೋಳು ನಾನೊಬ್ಬಳೇ."

ಸುದೇಷ್ಣಾಳಿಗೆ ನಗು ಬಂತು, ಮಾ ನಗಲಿಲ್ಲ. ಡ್ರಮ್ಮಿಗೆ ಜಾಗ ಎಲ್ಲಿ ಎಂಬ ಪ್ರಶ್ನೆ ಉಳಿದಿತ್ತು. ಮಣ್ಣೆಂದ ಮೇಲೆ ಉತ್ತರದ ಅರ್ಧಕ್ಕೆ ಹೋಗಬೇಕು; ಅಲ್ಲಿ ಮೂವತ್ತಾರು ಕುಂಡಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಟೇಪು ಹಿಡಿದು ನೋಡಿದೆ. ನಾಲ್ಕು ಕುಂಡ ಹೋದರೆ ಡ್ರಮ್ಮು ಕೂರುತ್ತದೆ. ಸುದೇಷ್ಣಾ ಬಗ್ಗಿ ಅಂಚಿನ ಕುಂಡವೊಂದನ್ನು ಎತ್ತಿಕೊಂಡಳು. ಮೊಗ್ಗು ಬಂದಿದ್ದ ಎರಡರಲ್ಲಿ ಅದೊಂದು.

"ಅದನ್ನೆತ್ಕೊಂಡು ಎಲ್ಲಿಗೆ ಹೋಗ್ತೀಯ?"

"ಕೆಳಗೆ. ನಿಮ್ಮ ಕುಂಬಳಕ್ಕೆ ಜಾಗ ಬೇಕಲ್ಲ ಮಾ."

ಮಾ ಮೊಗ್ಗನ್ನು ನೋಡಿದಳು. ಆಮೇಲೆ ತಾರಸಿಯ ನಡುವಿನ ಮಳೆನೀರಿನ ಕಾಲುವೆ ದಾಟಿ ತನ್ನ ಕಡೆಗೆ ಹೋಗಿ, ಕಾಲಿನಿಂದಲೇ ಮೂಲೆ ತೋರಿಸಿದಳು. ಡ್ರಮ್ಮು ಈ ಕಡೆ ಇರಲಿ. ತುಂಬಿ ನೀರು ಹಾಕಿಬಿಡಿ, ಒದ್ದೆ ಮಣ್ಣು ಹಾರುವುದಿಲ್ಲ, ಖೋಕಾ ಕಾಲೇಜಿನಲ್ಲಿ ಕಲಿಸುವುದು ಅದನ್ನೇ ಅಲ್ಲವೇ ಎಂದಳು. ನಾನು ಕಲಿಸುವುದು ಅದನ್ನಲ್ಲ. ಆದರೆ ಕಣ ಕಣಗಳ ನಡುವಿನ ನೀರಿನ ಪೊರೆ ಅವನ್ನು ಹಿಡಿದಿಡುತ್ತದೆ ಎಂಬುದು ನಿಜ; ಹೌದೆಂದೆ. ಹಾಗಾದರೆ ನನ್ನ ಕುಂಡಗಳ ಮಣ್ಣೂ ಒದ್ದೆಯೇ ಎಂದು ಸುದೇಷ್ಣಾ ಹೇಳಿದಳು. ಮಾ ಅದಕ್ಕೆ ಭಾನುವಾರ ನೋಡೋಣ ಎಂದಷ್ಟೇ ಹೇಳಿ ಕೆಳಗಿಳಿದಳು.

ಸಂಜೆಯ ಬೆಳಕಿರುವಾಗಲೇ ನಾವಿಬ್ಬರೂ ಸೇರಿ ಡ್ರಮ್ಮನ್ನು ಅಂಚಿನ ಸಮಕ್ಕೆ ತುಂಬಿದೆವು. ನಾಲ್ಕು ಚೀಲ, ಒಂದು ಬೊಗಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾಳ ಲೆಕ್ಕ ನಿಜಕ್ಕೂ ಸರಿಯಾಗಿತ್ತು. ಅದು ನನ್ನನ್ನು ಎಷ್ಟು ಮೆಚ್ಚಿಸಿತೆಂದರೆ, ಮುಂದೆ ಆಗಬೇಕಾದ್ದನ್ನು ಮುಂಚಿತವಾಗಿ ಹೇಳಿಡಬೇಕೆಂದು ಹೊಳೆಯಲೇ ಇಲ್ಲ. ನಾಲ್ಕು ಬಕೆಟ್ ನೀರು ಹಾಕಿದೆವು. ಶನಿವಾರ ಸುದೇಷ್ಣಾ ತನ್ನ ಕುಂಡಗಳ ಜೊತೆ ಅದಕ್ಕೂ ಎರಡು ಹೊತ್ತು ನೀರುಣಿಸಿ, ದಕ್ಷಿಣದ ನೆಲವನ್ನು ಮೂರು ಸಲ ತೊಳೆದಳು.

ಭಾನುವಾರ ಬಿಸಿಲೇರುವ ಮೊದಲೇ ಎಲ್ಲರೂ ಮೇಲಿದ್ದೆವು. ಬೌದಿ ನೊರೆಹಿಟ್ಟಿನ ಪಾತ್ರೆ ಹೊತ್ತು ಬಂದಳು, ದಾದಾ ಕಾಗೆ ಓಡಿಸಲು ಕೋಲು ಹಿಡಿದು ಕುರ್ಚಿ ಹಾಕಿಕೊಂಡ. ಮಾ ಸ್ನಾನ ಮಾಡಿ, ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ ತಂದಿದ್ದಳು. ನೆಲದ ಮೇಲೆ ಕೂತು, ಗೋಡೆಯಿಂದ ಕಾಲುವೆಯವರೆಗೆ ಕೈ ನಿಲುಕುವಷ್ಟನ್ನೂ ಆ ಬಟ್ಟೆಯಿಂದ ಒರೆಸಿ, ಹಿತ್ತಾಳೆ ಬಟ್ಟಲಿನ ನೀರಿನಲ್ಲಿ ಅದ್ದಿ ಹಿಂಡಿದಳು. ನೀರನ್ನು ಬಿಸಿಲಿಗೆ ಹಿಡಿದು ನೋಡಿದಳು. ತಿಳಿಯಾಗಿತ್ತು. ಸುದೇಷ್ಣಾ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾಳೆಂಬುದು ಅವಳು ಬಿಟ್ಟಾಗ ಗೊತ್ತಾಯಿತು.

ಧೋತಿ ಹಾಸಿದರು. ಮೊದಲಿಗೆ ಎರಡು ದೊಡ್ಡ ಬೊರಿ, ಗಂಡು ಮತ್ತು ಹೆಣ್ಣು. ಹೆಣ್ಣಿನ ನೆತ್ತಿಗೆ ಬೌದಿ ಸಿಂಧೂರ ಇಟ್ಟಳು, ಎರಡರ ಮೇಲೂ ಗರಿಕೆಯ ಎಸಳು ಇಡಬೇಕು. ಆ ಗರಿಕೆ ತೆಗೆದುಕೊಳ್ಳಲೆಂದು ಮಾ ಗೋಡೆ ಹಿಡಿದು ಎದ್ದಾಗಲೇ ಡ್ರಮ್ಮಿನ ಕಡೆ ಕಣ್ಣು ಹೋದದ್ದು. ಹತ್ತಿರ ಹೋಗಿ ಒಳಗೆ ಬಗ್ಗಿದಳು.

"ನನ್ನ ಮಣ್ಣು ತೆಗೆದಿದ್ದು ಯಾರು?"

ಮಣ್ಣು ಅಂಚಿನಿಂದ ಸಾಕಷ್ಟು ಕೆಳಗಿತ್ತು. ಮಾ ತಲೆಯೆತ್ತಿ ಉತ್ತರದ ಕಡೆ, ಕಪ್ಪಗೆ ತುಂಬಿ ನಿಂತ ಕುಂಡಗಳ ಕಡೆ ನೋಡಿದಳು. ಅಲ್ಲಿಂದ ಸುದೇಷ್ಣಾಳ ಕಡೆ. ಸುದೇಷ್ಣಾಳ ಮುಖ ಕೆಂಪಾಯಿತು.

"ನಾನು ತೆಗೆದಿಲ್ಲ ಮಾ."

"ಶುಕ್ರವಾರ ಸಮಕ್ಕಿತ್ತು ಅಂತ ನೀವಿಬ್ಬರೇ ಬಂದು ಹೇಳಿದ್ದು. ಇವತ್ತು ಇಲ್ಲ. ಕಾಲು ಬಂತಾ ಅದಕ್ಕೆ?"

ನಾನು ಮಧ್ಯೆ ಬಂದೆ. ಸಡಿಲ ಮಣ್ಣಿನೊಳಗೆ ಅರ್ಧದಷ್ಟು ಗಾಳಿಯೇ ಇರುತ್ತದೆ, ನೀರು ಇಳಿಯುವಾಗ ಕಣಗಳು ಒಂದರ ಸಂದಿಗೊಂದು ಜಾರಿ ಕೂರುತ್ತವೆ, ಮಣ್ಣು ಎಲ್ಲೂ ಹೋಗಿಲ್ಲ, ಇದ್ದಲ್ಲೇ ಕಿರಿದಾಗಿದೆ ಎಂದು ವಿವರಿಸಿದೆ. ಮಾ ಪೂರ್ತಿ ಕೇಳಿದಳು. ಹೆಂಡತಿಯ ಪರ ಮಾತಾಡುವಾಗ ಗಂಡಸರು ಹೇಳದ ಶಾಸ್ತ್ರವಿಲ್ಲ ಎಂದು ಬೌದಿಯ ಕಡೆ ತಿರುಗಿ ಹೇಳಿದಳು. ತನ್ನ ಡ್ರಮ್ಮಿನ ಮಣ್ಣು ಕುಂಡಕ್ಕೆ ಹೋಗುವುದಾದರೆ ನಾಳೆ ಬೊರಿಯ ಜಾಗವೂ ಹೋಗುತ್ತದೆ, ಅದಕ್ಕಿಂತ ಕುಂಡಗಳು ಇವತ್ತೇ ಇಳಿಯಲಿ ಎಂದಳು.

ಸುದೇಷ್ಣಾ ವಾದಿಸಲಿಲ್ಲ. ನನ್ನ ಕಡೆ ತಿರುಗಿದಳು. "ನೀವು ಕುಂಡದಲ್ಲಿ ಹಾಕಿ ನೋಡಿದ್ರಲ್ಲ, ಎಷ್ಟು ಕುಸಿಯುತ್ತೆ ಅಂತ. ಅದೇ ಲೆಕ್ಕಕ್ಕೆ ಈ ಡ್ರಮ್ಮಲ್ಲಿ ಎಷ್ಟು ಕುಸೀಬೇಕು? ಅಳೆಯೋ ಮೊದಲೇ ಹೇಳಿ."

ಡ್ರಮ್ಮಿನ ಆಳ ನಲವತ್ತನಾಲ್ಕು ಸೆಂಟಿಮೀಟರ್. ಅದರ ಏಳರಲ್ಲೊಂದು ಪಾಲು. ಆರಕ್ಕಿಂತ ಮೇಲೆ, ಆರೂವರೆಗಿಂತ ಕೆಳಗೆ ಎಂದೆ.

"ಏಳು ಅನ್ನೋ," ದಾದಾ ಕುರ್ಚಿಯಿಂದ ಹೇಳಿದ. "ಕೈಲಿ ಸ್ವಲ್ಪ ಇರ್ಲಿ."

"ಯಾರೂ ಏನೂ ಸೇರಿಸ್ಬೇಡಿ," ಸುದೇಷ್ಣಾ ಅಂದಳು.

ಮಾ ಸೆರಗು ಸರಿಪಡಿಸಿಕೊಂಡು ನಮ್ಮಿಬ್ಬರನ್ನೂ ನೋಡಿದಳು. ಅವಳಿಗೆ ಶಾಸ್ತ್ರದಲ್ಲಿ ನಂಬಿಕೆ ಇಲ್ಲದಿರಬಹುದು, ಅಳತೆಯಲ್ಲಿದೆ.

"ಸರಿ. ಅಷ್ಟೇ ಬಂದ್ರೆ ಕುಂಡ ಇರ್ಲಿ, ಈ ವರ್ಷಕ್ಕಲ್ಲ, ಯಾವಾಗ್ಲೂ. ಆರೂವರೆಗಿಂತ ಒಂದು ದಾರದಷ್ಟು ಹೆಚ್ಚು ಬಂದ್ರೂ ಇಳೀಲಿ. ಅಳೆ ಖೋಕಾ."

ಕೋಲನ್ನು ದಾದಾನಿಂದ ಇಸಿದುಕೊಂಡು ಡ್ರಮ್ಮಿನ ಬಾಯಿಗೆ ಅಡ್ಡ ಇಟ್ಟೆ. ಸ್ಕೇಲನ್ನು ಮಣ್ಣಿಗೆ ಚುಚ್ಚದಂತೆ ನೆಟ್ಟಗೆ ನಿಲ್ಲಿಸಿದೆ. ಸ್ಕೇಲಿನ ತುದಿಯಿಂದ ಸೊನ್ನೆಯ ಗೆರೆಯವರೆಗಿನ ಖಾಲಿ ಜಾಗವನ್ನೂ ಕೂಡಿಸಿದೆ. ನಡುವೆ ಒಂದು, ಬದಿಗಳಲ್ಲಿ ನಾಲ್ಕು, ಒಟ್ಟು ಐದು ಕಡೆ ಅಳೆದು ಸರಾಸರಿ ತೆಗೆದೆ. ಹಿಟ್ಟು ಮೆತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು ಬೌದಿ ನನ್ನ ಹೆಗಲ ಮೇಲಿಂದ ಬಗ್ಗಿದಳು. ಮಾ ಕನ್ನಡಕ ಹಾಕಿಕೊಂಡು ಗೆರೆಯನ್ನು ತಾನೇ ಓದಿದಳು.

ಆರು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್.